ನುಂಗದೆ ಉಳಿದ ಮಾತ್ರೆ

ರಾಯದುರ್ಗ
೧೨ ನವೆಂಬರ್ ೨೦೨೪, ಮಂಗಳವಾರ

ಗೆಳತಿ ಸುಂಕಮ್ಮ,

ಶರಣು. ಬೈದುಕೊಳ್ಳುತ್ತಲೇ ಈ ಲಕೋಟೆ ಒಡೆಯುತ್ತೀಯ ಅಂತ ಗೊತ್ತು. ಬೈದು ಮುಗಿಸಿ ಓದು, ನಾನು ಕಾಯುತ್ತೇನೆ. ಈಚೆಗೆ ನೀನು ಮಾಡಿದ ಫೋನುಗಳನ್ನೆಲ್ಲ ಎತ್ತದೆ ಬಿಟ್ಟವಳು ನಾನೇ. ನನ್ನ ಮಗಳು ತನುಶ್ರೀ ಎತ್ತಿ "ಅವ್ವ ಮಲಗ್ಯಾಳ್ರಿ ಚಿಗವ್ವ" ಅಂದಾಗಲೆಲ್ಲ ನಾನು ಅವಳ ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದೆ. ಆ ಕಡೆಯಿಂದ ನಿನ್ನ ಗಂಟಲು ಕೇಳಿಸುತ್ತಿತ್ತು: "ಮಲಗ್ಲಿ ಮಲಗ್ಲಿ. ಎದ್ಮೇಲೆ ಹೇಳಮ್ಮಿ, ನಿಮ್ಮವ್ವುಂಗೆ ಸೊಕ್ಕು ಬಂದೈತಂತೆ ಅಂತ." ಸೊಕ್ಕಲ್ಲ ಸುಂಕಿ, ನಾಚಿಕೆ. ಫೋನಿನಲ್ಲಿ ನೀನು "ಹೆಂಗಿದೀಯೆ" ಅಂದರೆ ಸಾಕು, ನನ್ನ ಬಾಯಿ "ಚೆನ್ನಾಗಿದೀನಿ" ಅಂದುಬಿಡುತ್ತದೆ. ಕೈಗೆ ಇನ್ನೂ ಅಷ್ಟು ಸುಳ್ಳು ರೂಢಿಯಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ, ತನುಶ್ರೀ ಫೋನಿನಲ್ಲಿ ಹೇಳಿದ್ದರೂ ನನ್ನ ಕೈಯಿಂದ ಇನ್ನೊಮ್ಮೆ. ನಾನು ಅಜ್ಜಿಯಾದೆ. ಶ್ರಾವಣದಲ್ಲಿ ತನುಶ್ರೀಗೆ ಹೆಣ್ಣುಕೂಸು ಹುಟ್ಟಿತು. ಗುಂಡುಕಲ್ಲಿನ ಹಾಗಿದೆ. ಅತ್ತರೆ ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತದೆ. ಮೈಕಿಲ್ಲದೆ ಭಾಷಣ ಮಾಡುವ ಗಂಟಲು. ಯಾರ ಕಡೆಯಿಂದ ಬಂತು ಅಂತ ಹೇಳಬೇಕಿಲ್ಲ. ಅಳಿಯ ಸಿದ್ದರಾಮೇಶ್ ಬೆಳುಗುಪ್ಪದ ತನ್ನ ಬೀಜ-ಗೊಬ್ಬರದ ಅಂಗಡಿ ಮುಚ್ಚಿ ಭಾನುವಾರ ಬರುತ್ತಾನೆ, ಕೂಸನ್ನು ಎತ್ತಿಕೊಳ್ಳಲು ಹೆದರಿ ದೂರ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾನೆ.

ಇನ್ನು ನನ್ನದು. ನಿನಗೆ ಗೊತ್ತಿರುವುದು ಇಷ್ಟು: ಹೋದ ವರ್ಷ ಎಡಗಡೆಯ ಮೂತ್ರಪಿಂಡ ತೆಗೆದರು. ಕ್ಯಾನ್ಸರ್ ಅದರೊಂದಿಗೇ ಹೋಯಿತು ಅಂದುಕೊಂಡೆವು, ಹೋಗಿರಲಿಲ್ಲ. ಪುಪ್ಪುಸದಲ್ಲಿ ಚುಕ್ಕಿಗಳು ಕಂಡವು. ಬೆಂಗಳೂರಿನ ಡಾಕ್ಟರ್ ಉಷಾ ಮಾತ್ರೆ ಬರೆದರು. ನಾಲ್ಕು ವಾರ ದಿನಾ ನುಂಗು, ಎರಡು ವಾರ ಬಿಡು, ಮತ್ತೆ ನುಂಗು. ಆ ಮಾತ್ರೆ ನಮ್ಮ ಆಂಧ್ರದ ಆರೋಗ್ಯ ಕಾರ್ಡಿಗೆ ಬರುವುದಿಲ್ಲ ಅಂದಾಗ ನೀನು ಅಮರಾಪುರದ ಕಡೆಯಿಂದ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದೆ. ನಾನು ಇಲ್ಲಿ ನನ್ನ ಜೊತೆ ಜೀನ್ಸ್ ಹೊಲಿಯುವ ಹೆಂಗಸರನ್ನು ಎಬ್ಬಿಸಿದೆ. ಕಚೇರಿಯ ಮೆಟ್ಟಿಲ ಮೇಲೆ ಕೂತೆವು. "ಅರ್ಜಿ ತೆಲುಗಿನಲ್ಲಿ ಬರ್ಕೊಂಡು ಬರ್ರಿ" ಅಂದ ಗುಮಾಸ್ತನಿಗೆ ನೀನು "ರೋಗ ಯಾವ ಭಾಷೇಲಿ ಬಂದೈತೆ ಅಂತ ಕೇಳ್ಕಂಡು ಬಾ ಹೋಗಪ್ಪಾ, ಆಮೇಲೆ ಬರೀತೀವಿ" ಅಂದೆ. ಪೊಲೀಸಿನವನೂ ನಕ್ಕುಬಿಟ್ಟ. ಮಾತ್ರೆ ಬಂತು. ನನಗೊಬ್ಬಳಿಗಲ್ಲ, ನನ್ನ ಹಿಂದೆ ಸಾಲಿನಲ್ಲಿದ್ದ ಇಬ್ಬರು ಗಂಡಸರಿಗೂ ಬಂತು. ಕೂತು, ಕೂಗಿ, ಬಿಸಿಲು ತಿಂದು ಗಳಿಸಿದ ಮಾತ್ರೆ ಅದು. ಮುಂದೆ ಓದುವಾಗ ಇದನ್ನು ಮರೆಯಬೇಡ. ನಾನು ಮರೆತೆ.

ಮಾತ್ರೆ ಏನೇನು ಮಾಡುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತವೆ, ಬಾಯಿ ಹುಣ್ಣಾಗುತ್ತದೆ, ಭೇದಿ ಆಗುತ್ತದೆ, ಕೂದಲು ಬೆಳ್ಳಗಾಗುತ್ತದೆ. "ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಮುಚ್ಚಿಡಬೇಡಿ ಅಂಬಮ್ಮ, ಹೇಳಿ. ಡೋಸ್ ಕಡಿಮೆ ಮಾಡೋಕೆ ದಾರಿ ಇದೆ" ಅಂದರು. ನಾನು ಏನಂದೆ ಗೊತ್ತೇ? "ಲಾಠಿ ತಿಂದ ಮೈರಿ ಇದು, ಮಾತ್ರಿಗೆ ಬಗ್ಗಂಗಿಲ್ಲ" ಅಂದೆ. ಸುತ್ತ ಇದ್ದ ನರ್ಸುಗಳು ನಕ್ಕರು. ನನಗೆ ಸಂತೋಷವಾಯಿತು. ನಮ್ಮ ಹೋರಾಟದವರಿಗೆ ಇದೊಂದು ದೊಡ್ಡ ರೋಗ ಸುಂಕಿ, ಯಾರಾದರೂ ಚಪ್ಪಾಳೆ ತಟ್ಟಿದರೆ ಆಮೇಲೆ "ನೋವಾಗ್ತದೆ" ಅನ್ನಲು ಬಾಯೇ ಬರುವುದಿಲ್ಲ.

ನೋವಾಯಿತು. ಎರಡನೆಯ ಸುತ್ತಿಗೇ ಅಂಗೈ ಕೆಂಡವಾಯಿತು. ಜೀನ್ಸ್ ಬಟ್ಟೆ ಮುಟ್ಟಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಅದರ ನೀಲಿ ಬಣ್ಣ ಸುಲಿದ ಚರ್ಮದೊಳಗೆ ಇಳಿದು ಗೆರೆಗಳೆಲ್ಲ ನೀಲಿ. ಮಷೀನಿನ ಪೆಡಲ್ ಒತ್ತಲು ಅಂಗಾಲು ಬಿಡಲಿಲ್ಲ. ಕೆಲಸ ಹೋಯಿತು. ಹುಬ್ಬು ಬೆಳ್ಳಗಾದವು, ಮುಖ ಹಳದಿಯಾಯಿತು. ಹಾಲು ಹಾಕುವ ಮೈಲಾರಮ್ಮ ಒಂದು ಬೆಳಿಗ್ಗೆ "ತಂಬಿಗಿ ಕೆಳಗ ಇಡ್ರಿ ಅಕ್ಕಾ, ನಾ ಹಾಕ್ತೀನಿ" ಅಂದಳು. ಇಟ್ಟೆ. ಮೊಳದ ಮೇಲಿಂದ ಹಾಲು ಸುರಿದು ಹೋದಳು. ಅವತ್ತು ನಿನಗೆ ಫೋನಿನಲ್ಲಿ ಇದನ್ನು ನಗುನಗುತ್ತಾ ಹೇಳಿದ್ದೆ. ನೀನೂ ನಗುತ್ತಲೇ ಅಂದೆ: "ಈಗ ಗೊತ್ತಾತೇನಮ್ಮಿ ಲಿಂಗವಂತ್ರ ಮಗ್ಳೇ, ನಮ್ ಹಟ್ಟಿಯೋರ ಪಾಡು? ನಿಂಗೆ ಮಾತ್ರೆ ನುಂಗಿದ್ಮೇಲೆ ಬಂತು. ನಾವು ಹುಟ್ಟುವಾಗ್ಲೇ ನುಂಗ್ಕಂಡು ಬಂದಿರ್ತೀವಿ." ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಾಗೆ ಬೈಯುವವರು ಒಬ್ಬರಿದ್ದಾರಲ್ಲ ಅಂತ ಸಮಾಧಾನವೂ ಆಯಿತು.

ಯುಗಾದಿಯ ಮುಂಚೆ ಮಡಕಶಿರಾದಲ್ಲಿ ನಮ್ಮ ಜೊತೆ ಊರೂರು ಬೀದಿನಾಟಕ ಆಡಿದ ಹಳೇ ಜಾಥಾದವರೆಲ್ಲ ಸೇರಿದಾಗ ನಾನು ಬಂದಿದ್ದೆನಲ್ಲ. ಅಲ್ಲಿಂದ ನಿನ್ನ ಮನೆಗೆ ಕರಕೊಂಡು ಹೋದೆ. ಬಾಯಿಯ ಹುಣ್ಣಿಗೆ ಜೋಳದ ರೊಟ್ಟಿ ತಗಲಿದರೆ ಪ್ರಾಣ ಹೋಗುತ್ತಿತ್ತು. ನೀನು ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ, ನನ್ನ ಕೈ ಆಗುವುದಿಲ್ಲ ಅಂತ ನೀನೇ ತುತ್ತು ಮಾಡಿ ಬಾಯಿಗಿಟ್ಟೆ. "ನಮ್ ರೊಟ್ಟಿ ನಮ್ ರೊಟ್ಟಿ ಅಂತ ಮೆರೀತಿದ್ರಿ ರಾಯದುರ್ಗದೋರು, ಕಡೇಗೆ ನಮ್ ಮುದ್ದೆಗೇ ಬಾಯ್ ತೆಗುದ್ರಲ್ಲ!" ಅಂದೆ. ನನ್ನ ಅಂಗೈಯನ್ನು ನಿನ್ನ ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ಸವರಿದೆ. ಆ ದಿನಗಳಲ್ಲಿ ಆ ಕೈಯನ್ನು ಆಸ್ಪತ್ರೆಯವರಲ್ಲದೆ ಮುಟ್ಟಿದ್ದು ನೀನೊಬ್ಬಳೇ.

ಆದರೆ ಮಾರನೆಯ ದಿನ "ಸುಖವಾಗಿ ಬಂದು ಮುಟ್ಟಿದೆ" ಅಂತ ಫೋನು ಮಾಡಿದೆನಲ್ಲ, ಅದು ಸುಳ್ಳು. ಪಾವಗಡ ದಾಟಿ ಕಲ್ಯಾಣದುರ್ಗದ ದಾರಿಯಲ್ಲಿ ಹೊಟ್ಟೆ ಕಿತ್ತುಕೊಂಡಿತು. ಬಸ್ಸು ನಿಲ್ಲಿಸಿ ಅಂತ ಕೂಗಬೇಕಿತ್ತು. ಕಲೆಕ್ಟರನ ಜೀಪು ನಿಲ್ಲಿಸಿದ ಗಂಟಲಿಗೆ ಕಂಡಕ್ಟರನನ್ನು ಕರೆಯಲು ಆಗಲಿಲ್ಲ. ಸೀರೆ ಹೊಲಸಾಯಿತು. ಪಕ್ಕದಲ್ಲಿ ಕೂತಿದ್ದವಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ಹಿಂದಿನಿಂದ ಒಬ್ಬ ತೆಲುಗಿನಲ್ಲಿ "ಈ ಮುದುಕಿಯನ್ನು ಯಾರು ಹತ್ತಿಸಿದ್ದು" ಅಂದ. ಊರಿಗೊಂದು ಕಕ್ಕಸು ಕಟ್ಟಿಸಿ ಅಂತ ನಾವು ತಾಲ್ಲೂಕು ಕಚೇರಿ ಮುಂದೆ ಚೊಂಬು ಹಿಡಿದು ಕೂತವರಲ್ಲವೇ? ಆ ಚೊಂಬಿನಲ್ಲಿ ನಮ್ಮ ಹೊಲಸು ಇರಲಿಲ್ಲ, ಧೈರ್ಯ ಸುಲಭವಾಗಿತ್ತು. ಬಸ್ಸಿನಲ್ಲಿ ನಾನು ತಲೆ ತಗ್ಗಿಸಿದೆ. ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿಯುವವರೆಗೆ ಸೀಟು ಬಿಟ್ಟು ಏಳಲಿಲ್ಲ.

ಇಷ್ಟೆಲ್ಲ ಆದರೂ ಮಾತ್ರೆ ನುಂಗಿದೆ. ಫಲವೂ ಸಿಕ್ಕಿತು. ಬೇಸಿಗೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಚುಕ್ಕಿಗಳು ಸಣ್ಣವಾಗಿದ್ದವು. ಡಾಕ್ಟರ್ ಉಷಾ ಬೆರಳಿನಿಂದ ತೋರಿಸಿ "ನೋಡಿ, ನಿಮ್ಮ ಹೋರಾಟ ಕೆಲಸ ಮಾಡ್ತಿದೆ" ಅಂದರು. ಅದೇ ವಾರ ತನುಶ್ರೀ ಬಸುರಿಯ ಹೊಟ್ಟೆ ಹೊತ್ತುಕೊಂಡು, ಚೊಚ್ಚಲು ಹೆರಿಗೆಗೆ ತವರು ಅಂತ, ನನ್ನ ಹತ್ತಿರ ಬಂದಳು.

ಅವಳನ್ನು ಬಿಡಲು ಅವಳ ಅತ್ತೆ ಬಸವರಾಜೇಶ್ವರಿಯೂ ಬಂದರು. ಬೀಗತಿ. ಕೆಟ್ಟ ಹೆಂಗಸಲ್ಲ, ಬಾಯಿ ತುಂಬ "ರೀ" ಅನ್ನುತ್ತಾರೆ. ನಾನು ಚಹಾ ಕೊಟ್ಟೆ. ಲೋಟವನ್ನಲ್ಲ, ಲೋಟ ಹಿಡಿದ ಕೈಯನ್ನು ನೋಡಿದರು. ಚಹಾ ಆರಿ ಕೆನೆಗಟ್ಟಿತು.

"ಇದು ಅಂಟ್ತದೇನ್ರಿ ಬೀಗರೇ?"

"ಇಲ್ರಿ. ಮಾತ್ರಿದು."

"ಹೌದ್ರಿ, ನಾ ಹಂಗ ಕೇಳಿದೆ. ಕೂಸಿನ ಮೈ ನೋಡ್ರಿ, ಹೂವಿದ್ದಂಗ. ಎಣ್ಣಿ ತಿಕ್ಕಬೇಕು, ಕುದಿಯೋ ನೀರು ಹಾಕಬೇಕು. ಬಾಣಂತಿಗೂ ಹಾಕಬೇಕು. ನಿಮ್ಮ ಈ ಕೈಯಿಂದ ಹೆಂಗ್ರಿ ಆಗ್ತದ? ಚೊಚ್ಚಲು ತವರಾಗ ಆಗಬೇಕಂತ ಏನು ಹಣಿಮ್ಯಾಲ ಬರದಿಲ್ಲ. ನಮ್ಮನ್ಯಾಗ ಮಾಡ್ಕೊಂತೀವಿ ಬಿಡ್ರಿ."

ನಾನು ಮಾತಾಡಬೇಕಿತ್ತು. ಇಂಥ ಮಾತಿಗೆ ಉತ್ತರ ಕೊಡುವುದೇ ಅರ್ಧ ಆಯುಷ್ಯ ನನ್ನ ಕೆಲಸವಾಗಿತ್ತು. ಕೈಯನ್ನು ಅವರ ಮುಖದ ಮುಂದೆ ಹಿಡಿದು, ಇದು ಬದುಕಲು ಹೊರಟ ಕೈ ರೀ, ಇದಕ್ಕೆ ನಾಚಬೇಕಾದವಳು ನಾನಲ್ಲ ಅನ್ನಬೇಕಿತ್ತು. ನಾನು ಎರಡೂ ಅಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

ಅವರು ಹೋದಮೇಲೆ ತನುಶ್ರೀ ಅತ್ತಳು. "ಅವ್ವಾ, ನಾ ಅಲ್ಲಿ ಹಡ್ಯಾಕ ಹೋಗಂಗಿಲ್ಲ. ನಮ್ಮ ನೆಗೆಣ್ಣಿ ಅಲ್ಲೇ ಹಡದ್ಲು. ಇವತ್ತಿಗೂ ಆಕೀಗೆ 'ತವರು ಸತ್ತಾಕಿ' ಅಂತಾರ. ಉಣ್ಣಾಕ ಕುಂತ್ರ ಅಂತಾರ, ನಿಂತ್ರ ಅಂತಾರ. ಅಪ್ಪನೂ ಇಲ್ಲ. ನೀ ಇದ್ದೂ ಇಲ್ಲದಂಗ ಆಗಬ್ಯಾಡ." ನನ್ನ ಗಂಡ ತೀರಿಕೊಂಡಾಗಿನಿಂದ ಆ ಹುಡುಗಿ ನನ್ನನ್ನು ಏನನ್ನೂ ಕೇಳಿದವಳಲ್ಲ. ಅವಳಿಗೆ ಬೇಕಾಗಿದ್ದು ಇದೊಂದು.

ಆಗ ನುಂಗುವ ನಾಲ್ಕು ವಾರ ಮುಗಿದು, ಬಿಡುವಿನ ಎರಡು ವಾರ ಶುರುವಾಗಿತ್ತು. ಬಿಡುವಿನಲ್ಲಿ ಕೈ ಮಾಯುತ್ತದೆ, ಪ್ರತಿ ಸಲವೂ ಹಾಗೆಯೇ. ಹಳೇ ಚರ್ಮ ಉದುರಿ ಕೆಳಗಿಂದ ತೆಳ್ಳಗೆ ಹೊಸದು ಬರುತ್ತದೆ, ಬಾಯಿಗೆ ಖಾರದ ರುಚಿ ತಿರುಗಿ ಬರುತ್ತದೆ. ಎರಡು ವಾರ ಮುಗಿದ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡೆ. ಅಂಗೈ ಎಷ್ಟು ಚೆನ್ನಾಗಿತ್ತು! ನಾಳೆಯಿಂದ ನುಂಗೋಣ ಅಂದುಕೊಂಡೆ. ನಾಳೆ ಬಂತು. ಬಾಣಂತನ ಮುಗಿಯಲಿ ಅಂದುಕೊಂಡೆ.

ಬಿಟ್ಟೆ ಸುಂಕಿ. ಪೂರ್ತಿ ಬಿಟ್ಟೆ.

ನಾವಿಬ್ಬರೂ ಆಡಿದ ಕುಷ್ಠರೋಗದ ಬೀದಿನಾಟಕ ನೆನಪಿದೆಯಾ? ನೀನು ರೋಗಿ, ಬಟ್ಟೆ ಸುತ್ತಿದ ಕೈ ಎತ್ತಿ ಅಳುತ್ತಿದ್ದೆ. ನಾನು ಹೆಗಲಿಗೆ ಚೀಲ ಹಾಕಿಕೊಂಡ ನರ್ಸು. "ಅರ್ಧಕ್ಕ ಬಿಟ್ಟರ ಮಾತ್ರಿ, ಪೂರ್ತಿ ಬರುವುದು ರಾತ್ರಿ" ಅಂತ ಹಾಡುತ್ತ ಕುಣಿಯುತ್ತಿದ್ದೆ. ಹೇಮಾವತಿ ಊರಿನಲ್ಲಿ ಆಡಿದಾಗ ಗುಡಿಯ ಅಂಗಳದಲ್ಲಿ ಒಬ್ಬ ಮುದುಕಿ ಬಂದು ನಿಜವಾದ ನರ್ಸು ಅಂತ ನನ್ನ ಕಾಲು ಹಿಡಿದಳು. ಮಾತ್ರೆ ಬಿಡಬೇಡಿ ಅಂತ ಎಷ್ಟು ಊರುಗಳಲ್ಲಿ ಬೊಬ್ಬೆ ಹೊಡೆದೆವು! ನಡುವೆ ಬಿಟ್ಟವರನ್ನು "ಅಜ್ಞಾನಿಗಳು" ಅಂತ ಎಷ್ಟು ಸಲೀಸಾಗಿ ಅಂದುಬಿಟ್ಟೆವು. ಅವರು ಯಾಕೆ ಬಿಟ್ಟರು ಅಂತ ಒಬ್ಬರನ್ನಾದರೂ ಕೂರಿಸಿ ಕೇಳಿದೆವಾ? ಅವರ ಮನೆಯಲ್ಲೂ ಒಬ್ಬ ಬಸುರಿ ಇದ್ದಳೇನೋ. ಒಂದು ಮದುವೆ ಇತ್ತೇನೋ. ನನಗೆ ಅವರಷ್ಟೂ ನೆಪವಿಲ್ಲ. ಎಲ್ಲ ಗೊತ್ತಿದ್ದೂ ಬಿಟ್ಟವಳು ನಾನು.

ಒಂದಿಷ್ಟು ವಾರ ಕಳೆದ ಮೇಲೆ ಬೀಗತಿ ಮತ್ತೆ ಬಂದರು, ಮಗಳನ್ನು ಕರಕೊಂಡು ಹೋಗುವುದಾ ಬಿಡುವುದಾ ಅಂತ ನೋಡಲು. ಅವರು ಕೇಳುವ ಮೊದಲೇ ನಾನು ಎರಡೂ ಕೈ ಮುಂದೆ ಚಾಚಿದೆ. ಶಾಲೆಯಲ್ಲಿ ಉಗುರು ತೋರಿಸುವ ಹುಡುಗಿಯ ಹಾಗೆ. ಮೇಲೆ ತೋರಿಸಿದೆ, ತಿರುಗಿಸಿ ಕೆಳಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಅಯ್ಯ, ಬಂಗಾರದಂಥ ಕೈ ಆಗ್ಯಾವಲ್ರಿ! ನಾ ನಮ್ಮ ಮನಿದೇವ್ರಿಗೆ ಹರಕಿ ಹೊತ್ತಿದ್ದೆ ನೋಡ್ರಿ. ಕಣ್ಣು ಬಿಟ್ಟ."

"ಹೌದ್ರಿ," ಅಂದೆ. "ದೇವ್ರು ದೊಡ್ಡಾಂವ."

ಅದು ನನ್ನ ಬಾಯಿಯೇ. ಪವಾಡ ಬಯಲು ಮಾಡಲು ಕೆಂಡ ತುಳಿದು ತೋರಿಸಿದವಳ ಬಾಯಿ. ಆಮೇಲೆ ಅವರು ಚಹಾ ಕುಡಿದರು. ಅವರು ಚಹಾ ಕುಡಿದದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತು ಅಂತ ಬರೆಯಲೂ ಈಗ ನಾಚಿಕೆ.

ಕೂಸು ಹುಟ್ಟಿತು. ಇಲ್ಲಿ ಒಂದು ಮಾತು ನಿಜವಾಗಿ ಹೇಳಬೇಕು, ಇಲ್ಲದಿದ್ದರೆ ಪಶ್ಚಾತ್ತಾಪವೂ ನಾಟಕವಾಗುತ್ತದೆ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲುಗಳ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುವಾಗ, ಆ ಬೆನ್ನು ನನ್ನ ಅಂಗೈಯಷ್ಟೇ ಅಗಲ ಇದ್ದಾಗ, ನನಗೆ ಸ್ವಲ್ಪವೂ ಪಶ್ಚಾತ್ತಾಪ ಆಗಲಿಲ್ಲ. ಬಿಸಿನೀರು ಬಿದ್ದರೆ ಅದು ಬಿಸಿನೀರಾಗಿ ಮಾತ್ರ ಬಿತ್ತು, ಬೆಂಕಿಯಾಗಿ ಅಲ್ಲ. ಮಗಳ ಬೆನ್ನಿಗೆ ಹಂಡೆಯ ನೀರು ಎರಚಿದೆ. ಅವಳು "ಇನ್ನಾ ಹಾಕವ್ವ" ಅಂದಳು. ಲೋಬಾನದ ಹೊಗೆಯಲ್ಲಿ ಕೂಸನ್ನು ಹಿಡಿದು ನಿಂತಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು "ಅಂಬಕ್ಕ ಗೆದ್ದಳು ಬಿಡ್ರಿ, ಕ್ಯಾನ್ಸರಿಗೇ ನೀರು ಕುಡಿಸಿದ್ಲು" ಅಂದರು. ಮೈಲಾರಮ್ಮ ಈಗ ತಂಬಿಗೆಯನ್ನು ನನ್ನ ಕೈಯಿಂದಲೇ ಇಸಿದುಕೊಂಡು ಹಾಲು ಹಾಕುತ್ತಾಳೆ. ನಾನು ನಕ್ಕೆ. ಪ್ರತಿ ತಿಂಗಳು ಪಾಪ ಸಿದ್ದರಾಮೇಶ್ ಬೆಂಗಳೂರಿಗೆ ಹೋಗಿ "ಅತ್ತೆಗೆ ಬಾಣಂತನ ಬಿಟ್ಟು ಬರಾಕ ಆಗಂಗಿಲ್ರಿ" ಅಂತ ಹೇಳಿ ಮಾತ್ರೆ ತರುತ್ತಿದ್ದ. ನಾನು ಇಸಿದುಕೊಂಡು ಎತ್ತಿಡುತ್ತಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ದಸರೆ ಕಳೆದ ಮೇಲೆ ಸ್ಕ್ಯಾನಿಗೆ ಹೋದೆ. ಚುಕ್ಕಿಗಳು ಚುಕ್ಕಿಗಳಾಗಿ ಉಳಿದಿಲ್ಲ. ಬೆನ್ನೆಲುಬಿನಲ್ಲೂ ಒಂದು ಕಂಡಿದೆ. ಡಾಕ್ಟರ್ ಉಷಾ ಬಹಳ ಹೊತ್ತು ಚಿತ್ರ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮಾತ್ರೆ ಕೂದಲಿನ ಬಣ್ಣ ತೆಗೆಯುತ್ತದೆ ಅಂದೆನಲ್ಲ? ಬಿಟ್ಟರೆ ಬಣ್ಣ ತಿರುಗಿ ಬರುತ್ತದೆ. ನನ್ನ ಬೈತಲೆಯ ಎರಡೂ ಕಡೆ ಬೆರಳುಗಾತ್ರ ಕಪ್ಪು ಬಂದಿತ್ತು, ಅದರಿಂದಾಚೆ ಬಿಳಿ. ಹುಬ್ಬೂ ಕಪ್ಪಾಗಿತ್ತು.

"ಅಂಬಮ್ಮ, ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?"

"ತಗೊಂತೀನ್ರಿ."

"ಕೂದಲು ಬುಡದಲ್ಲಿ ಕಪ್ಪಾಗಿದೆಯಲ್ಲ?"

"ಬಣ್ಣ ಹಚ್ಚೀನ್ರಿ. ಮೊಮ್ಮಗಳ ಹೆಸರಿಡೋದಿತ್ತು."

ನಾನು! ಯಾವತ್ತಾದರೂ ತಲೆಗೆ ಬಣ್ಣ ಹಚ್ಚಿದವಳಾ? ಅವರ ಕಣ್ಣಿನಲ್ಲಿ ಒಂದು ಅನುಮಾನ ಬಂದು ನಿಂತದ್ದು ಕಂಡೆ. ಹೊರಗೆ ಸಾಲು ಬಾಗಿಲಿನವರೆಗೂ ಇತ್ತು. ಅವರು ನನ್ನನ್ನು ನಂಬಿದರು. ಇಷ್ಟು ದಿನ ನಾನು ಅವರೆದುರು ಆಡಿದ ಧೀರೆಯ ವೇಷವನ್ನು ನಂಬಿದರು. "ಹಾಗಾದ್ರೆ ಈ ಮಾತ್ರೆ ನಿಮಗೆ ಕೆಲಸ ಮಾಡೋದು ನಿಲ್ಸಿದೆ. ಬೇರೆ ಔಷಧಿಗೆ ಹೋಗೋಣ" ಅಂತ ಫೈಲಿನಲ್ಲಿ ಬರೆದರು. ಆ ಬೇರೆ ಔಷಧಿಯನ್ನು ಮುಂದಿನ ವಾರದ ಗುರುವಾರ ಶುರು ಮಾಡುತ್ತಾರೆ.

ಈಗ ಅರ್ಥವಾಯಿತಾ, ನನಗೆ ನೀನು ಯಾಕೆ ಬೇಕು ಅಂತ? ಕೆಲಸ ಮಾಡುತ್ತಿದ್ದ ಮಾತ್ರೆಯ ಮೇಲೆ ನಾನು ಸುಳ್ಳು ಆರೋಪ ಹೊರಿಸಿ ಬಂದಿದ್ದೇನೆ. ಮಾತ್ರೆಗೆ ಬಾಯಿ ಇಲ್ಲ. ಇದ್ದಿದ್ದರೆ ಆ ಕೋಣೆಯಲ್ಲೇ ನನ್ನ ಕೆನ್ನೆಗೆ ಹೊಡೆಯುತ್ತಿತ್ತು. ಒಂದು ಒಳ್ಳೆಯ ದಾರಿ ನನಗೆ ಇನ್ನೂ ತೆರೆದಿರಬಹುದು, ಅದನ್ನು ನಾನೇ ಮುಚ್ಚಿಸುತ್ತಿದ್ದೇನೆ. ಡೋಸ್ ಕಡಿಮೆ ಮಾಡಿ ಅಂತ ಒಂದು ಮಾತು ಕೇಳಿದ್ದರೆ ಕೈಯೂ ಉಳಿಯುತ್ತಿತ್ತೇನೋ, ಮಗಳ ಬಾಣಂತನವೂ ಆಗುತ್ತಿತ್ತೇನೋ. ಊರವರ ಹಕ್ಕಿಗೆಲ್ಲ ಬಾಯಿ ಬಡಿದುಕೊಂಡವಳಿಗೆ ತನ್ನ ಅಂಗೈ ನೋವನ್ನು ಹೇಳಿಕೊಳ್ಳುವುದೂ ಒಂದು ಹಕ್ಕು ಅಂತ ಹೊಳೆಯಲಿಲ್ಲ.

ಸತ್ಯ ಹೇಳಬೇಕು ಅಂತ ನಿರ್ಧಾರ ಮಾಡಿದ್ದೇನೆ. ಆದರೆ ನನ್ನ ನಿರ್ಧಾರದ ಮೇಲೆ ನನಗೆ ನಂಬಿಕೆ ಹೋಗಿದೆ. ಆ ಕುರ್ಚಿಯಲ್ಲಿ ಕೂತರೆ "ಚೆನ್ನಾಗಿದೀನ್ರಿ" ಅಂದುಬಿಡುತ್ತೇನೆ. ಗುರುವಾರ ನೀನು ಬಾ. ನಿನಗೆ ಮಡಕಶಿರಾದಿಂದ ಬೆಂಗಳೂರು ನನಗಿಂತ ಹತ್ತಿರ. ಬೆಳಿಗ್ಗೆ ಆಸ್ಪತ್ರೆಯ ದೊಡ್ಡ ಗೇಟಿನ ಹತ್ತಿರ ನಿಂತಿರು. ಈ ಪತ್ರ ನಿನ್ನ ಕೈಯಲ್ಲಿರಲಿ. ನಾನು ಬಾಯಿ ಬಿಟ್ಟರೆ ಸರಿ, ಬಿಡದಿದ್ದರೆ ಇದನ್ನು ಡಾಕ್ಟರಮ್ಮನ ಮೇಜಿನ ಮೇಲಿಡು. ಓದಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ನೀನೇ ಹೇಳು. ನಾನು ಅಳಬಹುದು, ನಿನ್ನನ್ನು ತಡೆಯಬಹುದು. ಕೇಳಬೇಡ.

ನಿನ್ನ ಮಗನ ಕುರಿಗಳಿಗೆ ನೀಲಿನಾಲಿಗೆ ರೋಗ ಬಂದಿತ್ತು ಅಂತ ತನುಶ್ರೀ ಹೇಳಿದಳು. ಈಗ ವಾಸಿಯಾಗಿವೆ ಅಂದುಕೊಂಡಿದ್ದೇನೆ. ನಿನ್ನ ಸೊಸೆಗೆ, ಮೊಮ್ಮಕ್ಕಳಿಗೆ ಈ ಅಜ್ಜಿಯ ಆಶೀರ್ವಾದ ಹೇಳು. ಅವರ ಬಾಯಿಗೆ ನಿನ್ನ ಖಾರ ಬರಲಿ, ಮೈಗೆ ನಿನ್ನ ಗಟ್ಟಿತನ ಬರಲಿ. ನನ್ನ ಹಾಗೆ ಚಪ್ಪಾಳೆಗೆ ಬೀಳುವ ಬುದ್ಧಿ ಮಾತ್ರ ಯಾವ ಮನೆಯ ಮಕ್ಕಳಿಗೂ ಬೇಡ. ನೀನು ನೂರು ವರ್ಷ ಬೈಯುತ್ತಾ ಬಾಳು.

ನಿನ್ನ
ಅಂಬಮ್ಮ

ತಾ.ಕ.: ಇಲ್ಲಿಂದ ಕೆಳಗಿನದನ್ನು ಕತ್ತರಿಸಿ ಒಲೆಗೆ ಹಾಕು. ಮೇಲಿನದನ್ನಷ್ಟೇ ತೆಗೆದುಕೊಂಡು ಬಾ. ಡಾಕ್ಟರಮ್ಮನಿಗೆ ಇದು ಬೇಡ, ಬೇರೆ ಯಾರಿಗೂ ಬೇಡ. ಮೇಲೆ "ಮನೆಯಲ್ಲಿ ಯಾರಿಗೂ ಗೊತ್ತಿಲ್ಲ" ಅಂತ ಬರೆದೆನಲ್ಲ, ಅದು ಸುಳ್ಳು.

ಸ್ಕ್ಯಾನಿನ ಸುದ್ದಿ ತಂದ ಮಾರನೆಯ ಬೆಳಿಗ್ಗೆ ಕೂಸಿಗೆ ನೀರು ಹಾಕುತ್ತಿದ್ದೆ. ತನುಶ್ರೀ ಟವೆಲ್ ಹಿಡಿದು ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದಳು.

"ಅವ್ವಾ, ಆ ಮಾತ್ರಿ ನಾ ನೋಡಿದ್ದೆ," ಅಂದಳು. ಕುಂಚಿಗೆಗೆ ಗುಂಡಿ ಹಚ್ಚಲು ದಾರ ಬೇಕಾಗಿ ನನ್ನ ಹೊಲಿಗೆ ಮಷೀನಿನ ಖಾನೆ ಎಳೆದಿದ್ದಳಂತೆ. ಒಳಗೆ ಒಂದೂ ಒಡೆಯದ ಮಾತ್ರೆಯ ಪಟ್ಟಿಗಳು. ಇದು ಅವಳು ಹಡೆಯುವುದಕ್ಕೂ ಮೊದಲಿನ ಮಾತು.

"ಮತ್ತ ಯಾಕ ಸುಮ್ಮನಿದ್ದಿ?"

"ಕೇಳಿದ್ರ ನೀ ಮತ್ತ ನುಂಗಾಕ ಶುರು ಮಾಡ್ತಿದ್ದಿ. ಕೈ ಮತ್ತ ಹಂಗ ಆಗ್ತಿದ್ವು. ಅತ್ತಿ ಬಂದು ನನ್ನ ಕರ್ಕೊಂಡು ಹೋಗಿಬಿಡ್ತಿದ್ಲು." ಟವೆಲ್ ಹೆಗಲಿಗೆ ಹಾಕಿಕೊಂಡು ಅಂದಳು: "ಮೂರು ತಿಂಗಳ ಬಾಣಂತನ ಮುಗೀಲಿ, ಆಮ್ಯಾಲ ಹೇಳೂಣು ಅಂದ್ಕೊಂಡಿದ್ದೆ."

ನಾನು ಬೈಯಲಿಲ್ಲ ಸುಂಕಿ. ಅಳಲೂ ಇಲ್ಲ. "ಇರ್ಲಿ ಬಿಡವ್ವ, ನಾನೂ ಹಂಗ ಅಂದ್ಕೊಂಡಿದ್ದೆ" ಅಂದೆ.

ಅವಳು ಹಂಡೆಯ ಕಡೆ ಬಗ್ಗಿ, "ಕೂಸಿಗೆ ನೀರು ಬಿಸಿ ಹೆಚ್ಚಾತೇನು, ಕೈ ಇಟ್ಟು ನೋಡು" ಅಂದಳು.

ಇಟ್ಟು ನೋಡಿದೆ. ಸರಿಯಾಗಿತ್ತು.